ಮಿದ್ದೆ ಸೋರುವ ಪದ

ರಘು ದೀಕ್ಷಿತ್ ಪ್ರಾಜೆಕ್ಟಿನ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತಿದ್ದ ರಘು ಅದಕ್ಕೂ ಮೊದಲು 'ಅಂತರಾಗ್ನಿ' ಎಂಬ ಬ್ಯಾಂಡ್ ಕಟ್ಟಿ, ಕಂಪನಿಗಳ ಬಾಗಿಲು ವರ್ಷಗಟ್ಟಲೆ ತಟ್ಟಿದ್ದರು. ಮುಂಬೈಯಲ್ಲಿ ಪವಾಡಕ್ಕೆ ಕಾಯುವವನ ಬಗ್ಗೆ ಒಂದು ಇಂಗ್ಲಿಷ್ ಹಾಡೂ ಅದರಲ್ಲಿದೆ. ಕೊನೆಗೆ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಅದನ್ನು ಹೊರತಂದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, ಮರುವರ್ಷ ಗ್ಲಾಸ್ಟನ್‌ಬರಿ. ಲುಂಗಿ ಉಟ್ಟು, ಗೆಜ್ಜೆ ಕಟ್ಟಿಕೊಂಡು ಹಾಡಿದ್ದು ಎಲ್ಲರಿಗೂ ನೆನಪಿದೆ.

ಎಂಟು ಹಾಡುಗಳಲ್ಲಿ ಕನ್ನಡದವು ಎರಡೇ, ಎರಡೂ ಶಿಶುನಾಳ ಶರೀಫರವು. ಗುಡುಗುಡಿಯ ಪದ ಜನರನ್ನು ಕುಣಿಸುತ್ತದೆ, ಸರಿ. ನಾನು ಮತ್ತೆ ಮತ್ತೆ ಕೇಳುವುದು ಮಾಳಿಗೆ ಸೋರುವ ಪದವನ್ನು. ಸಿ. ಅಶ್ವತ್ಥ್ ಅವರ ಶರೀಫರನ್ನು ಕೇಳಿ ಬೆಳೆದ ಕಿವಿಗೆ ಇಲ್ಲಿ ಹಾರ್ಮೋನಿಯಂ ಇಲ್ಲದ್ದು ಮೊದಲು ಬೋಳು ಬೋಳು ಅನಿಸುತ್ತದೆ. ಆಮೇಲೆ ಗಿಟಾರು, ಪಿಟೀಲಿನ ಮೇಲೆ ಆ ಗಂಟಲು ಏರುತ್ತದೆ. ಹೊಲದ ಆ ಬದಿಯಲ್ಲಿರುವವರನ್ನು ಕೂಗಿ ಕರೆಯುವ ಗಂಟಲು ಅದು. ಡ್ರಮ್ಮು ಎಷ್ಟೇ ಜೋರಾದರೂ ಮಾತು ಮುಳುಗುವುದಿಲ್ಲ. ತತ್ವಪದಕ್ಕೆ ಇನ್ನೇನು ಬೇಕು?

ಮುಳಬಾಗಿಲು ತಾಲ್ಲೂಕಿನ ನಮ್ಮ ತಾಯಲೂರಿನ ಕಡೆ ಆ ಮಾಳಿಗೆಗೆ ಮಿದ್ದೆ ಅನ್ನುತ್ತೇವೆ. ಮಣ್ಣು ಹಾಕಿ ತುಳಿದ ಸೂರು. ಮಳೆ ಬರುವುದೇ ಅಪರೂಪದ ಸೀಮೆ, ಬಂದ ದಿನ ಮನೆಯ ಪಾತ್ರೆಗಳೆಲ್ಲ ನೆಲದ ಮೇಲೆ. ಹಾಗಾಗಿ ಶರೀಫರ ಧಾರವಾಡದ ಕನ್ನಡ ಅರ್ಧ ತಿಳಿಯದಿದ್ದರೂ ಪದ ನಮಗೆ ಅರ್ಥವಾಗುತ್ತದೆ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದವರು ನಾವು. ತಾತ ಶನಿವಾರದ ಭಜನೆಯಲ್ಲಿ ಕೈವಾರ ತಾತಯ್ಯನವರ ಪದಗಳನ್ನು ಎರಡೂ ಭಾಷೆಯಲ್ಲಿ ಹಾಡುತ್ತಿದ್ದರು. ಅವರು ಹೋದ ಮೇಲೆ ಭಜನೆ ನಿಂತಿತು. ತಂಬೂರಿ ಅಟ್ಟ ಸೇರಿತು. ಜೊತೆಗೆ ಕೂರುತ್ತಿದ್ದವರಲ್ಲಿ ಈಗ ಉಳಿದಿರುವವರು ಒಬ್ಬರೇ, ಬಾಯಲ್ಲಿ ಹಲ್ಲಿಲ್ಲ. ಆ ಪದಗಳು ಪುಸ್ತಕದಲ್ಲಿವೆ, ಆದರೆ ನಮ್ಮೂರಿನ ಮಟ್ಟು ಇರುವುದು ಅವರ ಬಾಯಲ್ಲಿ ಮಾತ್ರ.

ಅಕ್ಕನ ಮಗ ಬೆಂಗಳೂರಿನಲ್ಲಿ ಓದುತ್ತಾನೆ, ಗಿಟಾರ್ ನುಡಿಸುತ್ತಾನೆ. ರಘು ದೀಕ್ಷಿತರಿಂದಲೇ ಅವನಿಗೆ ಶರೀಫರು ಗೊತ್ತು. ಯುಗಾದಿಗೆ ಬಂದವನು ಆ ಅಜ್ಜನ ಜಗಲಿಯಲ್ಲಿ ಕೂತು ತಾತಯ್ಯನವರ ತೆಲುಗು ಪದವೊಂದನ್ನು ಗಿಟಾರಿಗೆ ಹೊಂದಿಸಲು ನೋಡಿದ. ಮುದುಕರು ಬೈಯುತ್ತಾರೇನೋ ಅಂದುಕೊಂಡೆ. ಅವರು ತಂತಿಯ ಮೇಲೆ ಕೈಯಿಟ್ಟು ನಿಲ್ಲಿಸಿದರು.

"ಒಸಿ ನಿಧಾನ ಬಾರಿಸಪ್ಪಾ, ಮಾತು ಕೇಳಬೇಕು. ತಾಳ ನಾನು ಹಾಕ್ತೀನಿ."