ಮೇಲ್ಮನೆಯ ಕ್ಷೇಮ ಸಮಾಚಾರ

ನಮ್ಮ ಮನೆಯಲ್ಲೊಂದು ಸ್ಟೀಲ್ ಡಬ್ಬಿ ಇದೆ. ಅದರ ಮುಚ್ಚಳದ ಮೇಲೆ ಪಾತ್ರೆ ಅಂಗಡಿಯವನು ನಮ್ಮತ್ತೆಯ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆದುಕೊಟ್ಟಿದ್ದಾನೆ. ಒಂದು ಒತ್ತಕ್ಷರ ಬಿಟ್ಟುಹೋಗಿದೆ. ಅತ್ತೆ ತೀರಿಕೊಂಡು ಹನ್ನೆರಡು ವರ್ಷವಾಯಿತು, ಡಬ್ಬಿಗೆ ಮಾತ್ರ ಇನ್ನೂ ಪುರುಸೊತ್ತಿಲ್ಲ. ಬೆಳಿಗ್ಗೆ ಪುಳಿಯೋಗರೆ ತುಂಬಿಕೊಂಡು ಮೇಲ್ಮನೆಗೆ ಹತ್ತುತ್ತದೆ, ಸಂಜೆ ಶೇಂಗಾ ಚಟ್ನಿಪುಡಿ ತುಂಬಿಕೊಂಡು ಇಳಿಯುತ್ತದೆ. ಕೊಟ್ಟ ಡಬ್ಬಿಯನ್ನು ಬರಿದು ಮಾಡಿ ಹಿಂದಿರುಗಿಸಬಾರದು ಎಂಬ ಶಾಸ್ತ್ರ ಯಾವ ಧರ್ಮದ್ದೋ, ನಾವಿಬ್ಬರೂ ಅದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತೇವೆ. ಏನೂ ಇಲ್ಲದ ದಿನ ಮೇಲ್ಮನೆಯಾಕೆ ಎರಡು ಚಮಚ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಾಳೆ.

ಆಕೆ ಗದಗ-ಬೆಟಗೇರಿ ಕಡೆಯವಳು. ಗಂಡ ಮಿಷನರಿ. ಒಡಿಶಾದ ಯಾವುದೋ ಗುಡ್ಡಗಾಡಿನ ಹಳ್ಳಿಯಲ್ಲಿದ್ದಾನೆ. ‘ಅವರು ಫೀಲ್ಡಿನ್ಯಾಗ ಅದಾರ್ರೀ’ ಎಂದು ಆಕೆ ಮೊದಲ ಸಲ ಹೇಳಿದಾಗ ನಾನು ಹೊಲ ಎಂದುಕೊಂಡು, ಏನು ಬೆಳೆ ಎಂದು ಕೇಳಿದ್ದೆ. ಮೊದಲು ಆಕೆಯೂ ಅಲ್ಲೇ ಇದ್ದಳಂತೆ. ಮಗಳು ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಅಲ್ಲಿನ ಶಾಲೆ ಸಾಲದೆ ಮಕ್ಕಳಿಬ್ಬರನ್ನೂ ಕಟ್ಟಿಕೊಂಡು ಬೆಂಗಳೂರಿನ ಅತ್ತಿಗುಪ್ಪೆಗೆ ಬಂದಳು. ಮೆಟ್ರೋ ಸ್ಟೇಷನ್ನಿಗೆ ಹತ್ತಿರ, ಬಾಡಿಗೆ ಕಡಿಮೆ, ಮನೆ ಯಜಮಾನಿ ನಿವೃತ್ತ ಬ್ಯಾಂಕ್ ನೌಕರಳು, ಹೆಚ್ಚು ಮಾತಿನವಳು. ಈ ಕೊನೆಯದು ಮನೆಗೆ ಬಂದಮೇಲೆ ಗೊತ್ತಾದದ್ದು.

ಮನೆ ಕೊಟ್ಟ ವಾರದಲ್ಲೇ ನಮ್ಮ ಬೀದಿಯ ಇಬ್ಬರು ಹಿರಿಯರು ಗೇಟಿನ ಹತ್ತಿರ ನಿಂತು ದನಿ ತಗ್ಗಿಸಿ, ‘ಮಿಷನರಿಗಳಂತಲ್ಲ, ಸ್ವಲ್ಪ ನೋಡ್ಕೊಳ್ಳಿ ಮೇಡಂ’ ಎಂದರು. ಅಂದಿನಿಂದ ನೋಡಿಕೊಳ್ಳುತ್ತಲೇ ಇದ್ದೇನೆ. ಕನ್ನಡದಲ್ಲಿ ಎಚ್ಚರಿಕೆಗೂ ಅಕ್ಕರೆಗೂ ಅದೊಂದೇ ಮಾತಾಗಿರುವುದರಿಂದ ಹಿರಿಯರ ಅಪ್ಪಣೆ ಮೀರಿದಂತೇನೂ ಆಗಿಲ್ಲ. ಮತಾಂತರದ ವಿಷಯದಲ್ಲಿ ನನಗೂ ಅಭಿಪ್ರಾಯಗಳಿವೆ, ಆಕೆಗೂ ಇವೆ. ಒಂದೆರಡು ಸಲ ಮಾತಾಡಿದ್ದೇವೆ. ಕುಕ್ಕರ್ ಕೂಗಿ ಇಬ್ಬರೂ ಎದ್ದುಹೋಗಿದ್ದೇವೆ.

ನನಗೆ ಮಿಷನರಿ ಎಂದರೆ ಮೊದಲು ನೆನಪಾಗುವುದು ಒಂದು ದಪ್ಪ ಪುಸ್ತಕ. ನಮ್ಮಪ್ಪ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಅವರ ಮೇಜಿನ ಮೇಲೆ ಕಿಟ್ಟೆಲರ ನಿಘಂಟಿನ ಮರುಮುದ್ರಣ ಇತ್ತು. ಹದಿನೇಳುನೂರಕ್ಕೂ ಮಿಕ್ಕ ಪುಟ, ಎಪ್ಪತ್ತು ಸಾವಿರದಷ್ಟು ಶಬ್ದ. ನಾವು ಗಲಾಟೆ ಮಾಡಿದರೆ ಅಪ್ಪ ‘ಕಿಟ್ಟೆಲ್ ಎತ್ತಿ ಹಾಕ್ತೀನಿ’ ಎನ್ನುತ್ತಿದ್ದರು. ಈ ಮನೆ ಕಟ್ಟಿಸಿ ಬಂದ ಹೊಸದರಲ್ಲಿ ನಾನು ಅದರಲ್ಲಿ ಅತ್ತಿಗುಪ್ಪೆಯನ್ನು ಹುಡುಕಿದ್ದೆ. ಅತ್ತಿ ಸಿಕ್ಕಿತು, ಗುಪ್ಪೆಯೂ ಸಿಕ್ಕಿತು. ಅತ್ತಿಮರವನ್ನು ಮಾತ್ರ ನಮ್ಮ ಬಡಾವಣೆಯಲ್ಲಿ ಈವರೆಗೆ ಕಂಡಿಲ್ಲ. ಗುಪ್ಪೆಗೇನೂ ಕೊರತೆಯಿಲ್ಲ, ಮೂಲೆಗೊಂದು ಜಲ್ಲಿ ಮರಳಿನದು.

ಮೇಲ್ಮನೆಯಾಕೆ ಬಂದಮೇಲೆ ಆ ಪುಸ್ತಕವನ್ನು ಕಂಡರೆ ಬೇರೆ ಯೋಚನೆಗಳು ಬರತೊಡಗಿದವು. ಇಷ್ಟು ಶಬ್ದ ಕೂಡಿಸಿದವನ ಮನೆಯಲ್ಲಿ ಅಡುಗೆಗೆ ಯಾರಿದ್ದರು? ಅವನಿಗೆ ಜ್ವರ ಬಂದರೆ ಗಂಜಿ ಯಾರು ಕಾಯಿಸಿದರು? ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದಾಗ ಇಪ್ಪತ್ತೊಂದು ವರ್ಷದ ಹುಡುಗ. 1860ರಲ್ಲಿ ಪೌಲಿನಾ ಎಂಬವಳ ಜೊತೆ ಮದುವೆಯಾಯಿತು. ನಾಲ್ಕೇ ವರ್ಷಕ್ಕೆ ಆಕೆ ತೀರಿಕೊಂಡಳು. ಮುಂದೆ ಆಕೆಯ ತಂಗಿ ಜೂಲಿ ಆ ಮನೆಗೆ ಬಂದಳು. ಅಕ್ಕ ಸತ್ತ ಮನೆಗೆ ತಂಗಿಯನ್ನು ತರುವುದು ನಮ್ಮ ಹಳ್ಳಿಗಳಲ್ಲೂ ನಡೆದದ್ದೇ, ಅದರ ಹಿಂದಿನ ಲೆಕ್ಕವೂ ನಮಗೆ ಗೊತ್ತಿರುವುದೇ. ಆದರೆ ಸಮುದ್ರ ದಾಟಿ, ಅಕ್ಕನನ್ನು ಮಣ್ಣು ಮಾಡಿದ ದೇಶದ ಗಂಡನ ಕೈಹಿಡಿದ ಆ ಹುಡುಗಿಯ ಎದೆ ಹೇಗಿತ್ತೋ! 1877ರಲ್ಲಿ ಕಿಟ್ಟೆಲ್ ಜರ್ಮನಿಗೆ ಹೋದರು, ನಿಘಂಟಿನ ಚಿಂತೆ ಬಿಡದೆ 1883ರಲ್ಲಿ ಮತ್ತೆ ಬಂದರು, 1892ರಲ್ಲಿ ಹಿಂದಿರುಗಿದರು, 1894ರಲ್ಲಿ ಪುಸ್ತಕ ಮಂಗಳೂರಿನಲ್ಲಿ ಅಚ್ಚಾಯಿತು. ಇಷ್ಟನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದೆವು. ಪೌಲಿನಾ ಜೂಲಿಯರ ಹೆಸರು ಯಾವ ಪ್ರಶ್ನೆಪತ್ರಿಕೆಯಲ್ಲೂ ಬರಲಿಲ್ಲ.

ಆ ಕಾಲದ ಬಾಸೆಲ್ ಮಿಷನ್ನಿನ ಮದುವೆ ಕಟ್ಟಳೆಗಳು ಬಲು ಸ್ವಾರಸ್ಯದವು. ಬಂದ ತಕ್ಷಣ ಮದುವೆಯಾಗುವಂತಿಲ್ಲ, ಒಂದೆರಡು ವರ್ಷ ಕೆಲಸ ಮಾಡಿ ತೋರಿಸಬೇಕು, ಆಮೇಲೆ ಬಾಸೆಲಿನ ಕಮಿಟಿಗೆ ಅರ್ಜಿ ಹಾಕಬೇಕು. ಕಮಿಟಿ ಒಪ್ಪಿದರೆ ಹೆಣ್ಣು. ವರ ಮಂಗಳೂರಿನಲ್ಲೋ ಧಾರವಾಡದಲ್ಲೋ, ವಧು ಜರ್ಮನಿಯಲ್ಲೋ ಸ್ವಿಟ್ಜರ್ಲೆಂಡಿನಲ್ಲೋ, ಜಾತಕ ಕೂಡಿಸುವವರು ಕರಿಕೋಟಿನ ಕಮಿಟಿಯವರು. ಎಷ್ಟೋ ಹೆಣ್ಣುಮಕ್ಕಳು ಸರಿಯಾಗಿ ಪರಿಚಯವೂ ಇಲ್ಲದವನನ್ನು ನೆಚ್ಚಿಕೊಂಡು ಹಡಗು ಹತ್ತಿದರು. ನಮ್ಮ ಹೆಣ್ಣು ನೋಡುವ ಶಾಸ್ತ್ರವೇ ವಾಸಿ, ಉಪ್ಪಿಟ್ಟು ಕೇಸರಿಭಾತಿನ ನೆವದಲ್ಲಾದರೂ ಮುಖ ಕಾಣುತ್ತಿತ್ತು. ಇದನ್ನು ಹೇಳಿದಾಗ ಮೇಲ್ಮನೆಯಾಕೆ ಬಿದ್ದು ಬಿದ್ದು ನಕ್ಕಳು. ‘ನಮ್ಮದೂ ಹಂಗ ಆಗಿತ್ರೀ ಅಕ್ಕಾರ, ಫೋಟೋ ಒಂದ ಬಂದಿತ್ತು, ಅದರಾಗ ಅವರು ಹನ್ನೆರಡು ಮಂದಿ ನಡುವ ನಿಂತಿದ್ರು.’

ಮಂಗಳೂರು ಸಮಾಚಾರ ಹೊರಡಿಸಿದ ಮೋಗ್ಲಿಂಗ್ ಸಾಹೇಬರ ಕಥೆಯೂ ಇಂಥದ್ದೇ. 1836ರಲ್ಲಿ ಬಂದ ಮನುಷ್ಯ ಬಹುಕಾಲ ಒಂಟಿಯಾಗಿಯೇ ಇದ್ದ. ಜೊತೆಗಾರ ವೈಗ್ಲೆ 1855ರಲ್ಲಿ ತೀರಿಕೊಂಡ ಮೇಲೆ ಆತನ ವಿಧವೆಯನ್ನು ಮದುವೆಯಾದ. ಆಕೆಯ ಹೆಸರೂ ಪೌಲಿನಾ. ಆಕೆಯ ಆರೋಗ್ಯ ಕೆಟ್ಟಿತು. 1860ರಲ್ಲಿ ಇಬ್ಬರೂ ಜರ್ಮನಿಗೆ ಹೋದರು, ಮೋಗ್ಲಿಂಗ್ ಮತ್ತೆ ಈ ಕಡೆ ಬರಲಿಲ್ಲ. ಕನ್ನಡದ ಮೊದಲ ಪತ್ರಿಕೆಯ ಸಂಪಾದಕನನ್ನು ಕನ್ನಡನಾಡಿನಿಂದ ಹೊರಡಿಸಿದ್ದು ಹೆಂಡತಿಯ ಕಾಯಿಲೆ. ಎಲ್ಲ ಬಿಟ್ಟು ಆಕೆಯ ಜೊತೆ ಹೋದನಲ್ಲ ಎಂದು ನನಗೆ ಆತನ ಮೇಲೆ ಗೌರವ ಹೆಚ್ಚು.

ಮಕ್ಕಳ ವಿಷಯ ಬಂದರೆ ನಗು ನಿಲ್ಲುತ್ತದೆ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಬಾಸೆಲ್ ಮಿಷನ್ನಿನವರ ಪದ್ಧತಿ ಏನೆಂದರೆ, ಮಗುವಿಗೆ ಆರೇಳು ವರ್ಷವಾಗುತ್ತಲೇ ಯುರೋಪಿಗೆ ಕಳಿಸಿಬಿಡುವುದು. ಇಲ್ಲಿಯ ಬಿಸಿಲು, ಕಾಲರಾ, ಜ್ವರ, ಶಾಲೆಯಿಲ್ಲದ್ದು, ಸುತ್ತಲಿನ ‘ಅನ್ಯ’ ಸಂಸ್ಕಾರದ ಅಂಜಿಕೆ, ಎಲ್ಲಕ್ಕೂ ಸೇರಿ ಅದೊಂದೇ ಮದ್ದು. ಬಾಸೆಲಿನಲ್ಲಿ ಅಂಥ ಮಕ್ಕಳಿಗೆಂದೇ ಒಂದು ಮನೆ ಮಾಡಿದ್ದರು. ಊಟ, ಬಟ್ಟೆ, ಓದು, ಶಿಸ್ತು, ಯಾವುದಕ್ಕೂ ಕಡಿಮೆಯಿಲ್ಲ. ಮಿಷನ್ನಿನವರ ದೃಷ್ಟಿಯಲ್ಲಿ ಅದು ಸಂಸಾರಗಳ ಕ್ಷೇಮಪಾಲನೆಯೇ. ನಾನು ಮೂವತ್ತೈದು ವರ್ಷ ಲೆಡ್ಜರ್ ಬರೆದವಳು, ನನಗೆ ಇದು ಲೆಡ್ಜರಿನ ಅಕ್ಕರೆಯಾಗಿ ಕಾಣುತ್ತದೆ: ಪ್ರತಿಯೊಂದು ಖಾತೆಯೂ ತಾಳೆಯಾಗುತ್ತದೆ, ಮಗು ಮಾತ್ರ ಯಾವ ಕಾಲಮ್ಮಿನಲ್ಲೂ ಇರುವುದಿಲ್ಲ.

ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟರ ಮಗಳು ಮರೀ. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಇನ್ನೂ ಪುಟ್ಟ ಮಗುವಾಗಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಅಪ್ಪ ಅಮ್ಮ ಕೆಲಸಕ್ಕೆ ಮರಳಿದರು. ಅವಳು ತಿರುಗಿ ಬಂದದ್ದು 1857ರಲ್ಲಿ, ಹದಿನೈದರ ಆಸುಪಾಸಿನ ಹುಡುಗಿಯಾಗಿ. ಹಡಗಿಳಿದಾಗ ಅಮ್ಮನ ಗುರುತು ಹಿಡಿಯಲು ಎಷ್ಟು ಹೊತ್ತಾಯಿತೋ! ಮುಂದೆ ಅವಳು ಮದುವೆಯಾಗಿ, ವಿಧವೆಯಾಗಿ, ಎರಡನೆಯ ಸಲ ಕೈಹಿಡಿದದ್ದು ಯೊಹಾನೆಸ್ ಹೆಸ್ಸೆ ಎಂಬಾತನನ್ನು. ಆತನೂ 1869ರಿಂದ ಮಂಗಳೂರಿನ ಕಡೆ ಮಿಷನರಿಯಾಗಿದ್ದು, ಮೈ ಒಗ್ಗದೆ 1873ರಲ್ಲಿ ಊರಿಗೆ ಹೋದವನು. ಇವರ ಮಗನೇ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ. ಕುಟುಂಬ ಬಾಸೆಲಿನಲ್ಲಿದ್ದಾಗ ಆ ತುಂಟನನ್ನು ಸಂಭಾಳಿಸಲಾಗದೆ ಕೆಲವು ತಿಂಗಳು ಅದೇ ಮಿಷನ್ನಿನ ಹುಡುಗರ ಮನೆಗೆ ಸೇರಿಸಿದ್ದರು. ಅಪ್ಪ ಅಮ್ಮ ಇದ್ದದ್ದು ಅದೇ ಊರಲ್ಲಿ. ಬಿಟ್ಟುಬಂದ ಅಮ್ಮನ ಮಗಳು ತಾನೂ ಮಗನನ್ನು ಬಿಟ್ಟಳು. ಮಗ ಬೆಳೆದು, ಮನೆ ಬಿಟ್ಟು ಹೋಗುವ ಹುಡುಗರ ಕಥೆಗಳನ್ನೇ ಬರೆದ.

ಆಮೇಲಿನವರು ದಾರಿ ಹುಡುಕಿದರು. ಅಮೆರಿಕನ್ ಮಿಷನರಿಗಳು ತಮ್ಮ ಮಕ್ಕಳಿಗಾಗಿ 1901ರಲ್ಲಿ ಕೊಡೈಕೆನಾಲಿನಲ್ಲಿ ಶಾಲೆ ತೆರೆದರು. ಸಮುದ್ರದ ಬದಲು ಬೆಟ್ಟ, ವರ್ಷಗಳ ಬದಲು ತಿಂಗಳು. ಬೇಸಿಗೆಯಲ್ಲಿ ತಾಯಂದಿರು ಗುಡ್ಡ ಹತ್ತಿ ಮಕ್ಕಳ ಜೊತೆ ಇರಬಹುದಿತ್ತು. ಎಲ್ಲರೂ ಮಕ್ಕಳನ್ನು ಶಾಶ್ವತವಾಗಿ ಕಳಕೊಂಡರೆಂದೂ ಅಲ್ಲ. ನಮ್ಮ ಬೆಂಗಳೂರಿನ ಬೆಂಜಮಿನ್ ರೈಸ್ ಪಾದ್ರಿಗಳು ಲಂಡನ್ ಮಿಷನ್ನಿನ ಪರವಾಗಿ ಐವತ್ತು ವರ್ಷ ಇದೇ ಊರಲ್ಲಿದ್ದರು. ಅವೆನ್ಯೂ ರಸ್ತೆಯ ನೂಕುನುಗ್ಗಲಿನ ನಡುವಿನ ಚರ್ಚಿಗೆ ಅವರದೇ ಹೆಸರು. 1837ರಲ್ಲಿ ಇಲ್ಲೇ ಹುಟ್ಟಿದ ಮಗ ಬಿ. ಎಲ್. ರೈಸ್ ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಹೈಸ್ಕೂಲಿನ ಪ್ರಿನ್ಸಿಪಾಲರಾಗಿ ಮರಳಿ ಬಂದು, ಕೊನೆಗೆ ಮೈಸೂರು ಸೀಮೆಯ ಕಲ್ಲುಕಲ್ಲಿನ ಶಾಸನವನ್ನೂ ಓದಿಸಿಬಿಟ್ಟರು.

ಈಗ ಕಳಿಸುವವರೂ ನಮ್ಮವರೇ, ಹೋಗುವವರೂ ನಮ್ಮವರೇ. ಭಾರತೀಯರೇ ಕೂಡಿ 1965ರಲ್ಲಿ ಕಟ್ಟಿದ ಇಂಡಿಯನ್ ಇವಾಂಜೆಲಿಕಲ್ ಮಿಷನ್ನಿನ ಕೇಂದ್ರ ಬೆಂಗಳೂರಿನಲ್ಲೇ ಇದೆ. ಅಂಥವು ಇನ್ನೂ ಹಲವು. ಮೇಲ್ಮನೆಯವರದು ಯಾವುದೆಂದು ನಾನು ಹೇಳುವುದಿಲ್ಲ, ಯಾಕೆಂದರೆ ಮುಂದಿನ ಮಾತು ಸ್ವಲ್ಪ ಖಾರದ್ದು. ವರ್ಷಕ್ಕೊಂದು ಭಾನುವಾರ ಆಕೆಯನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ‘ನಾಲ್ಕು ಶಾಲು ಆದವ್ರೀ, ಬೆಂಗಳೂರು ಥಂಡಿಗೆ ಸಾಕು’ ಎಂದಳು. ಆಮೇಲೆ ಶೇಂಗಾ ಸಿಪ್ಪೆ ಊದುತ್ತಾ, ‘ಎಲ್ಲಾರೂ ನಿಮಗಾಗಿ ಪ್ರಾರ್ಥನಾ ಮಾಡ್ತೀವಿ ಅಂತಾರ್ರೀ. ಛಲೋನ. ಆದ್ರ ಗ್ಯಾಸ್ ಮುಗದೈತೇನು ಅಂತ ಕೇಳಂಗಿಲ್ರೀ’ ಎಂದಳು. ಈಚೆಗೆ ಆಫೀಸಿನವರು ‘ಮೆಂಬರ್ ಕೇರ್’ ಎಂದೊಂದು ವಿಭಾಗ ಮಾಡಿದ್ದಾರಂತೆ. ಮೂರು ತಿಂಗಳಿಗೊಮ್ಮೆ ಒಂದು ಫಾರಂ ಬರುತ್ತದೆ: ನಿದ್ರೆ ಹೇಗಿದೆ, ಮನಸ್ಸು ಹೇಗಿದೆ, ಮಕ್ಕಳು ಹೇಗಿದ್ದಾರೆ. ಎಲ್ಲ ಚೌಕದಲ್ಲೂ ಆಕೆ ‘ಆರಾಮ’ ಎಂದು ಬರೆದು ಕಳಿಸುತ್ತಾಳೆ. ನನಗೆ ನಮ್ಮಪ್ಪನ ಕಾರ್ಡುಗಳು ನೆನಪಾದವು. ಅಮ್ಮ ಆಸ್ಪತ್ರೆಯಲ್ಲಿದ್ದ ತಿಂಗಳೂ ಅಜ್ಜನಿಗೆ ಹೋದ ಕಾರ್ಡಿನಲ್ಲಿ ‘ಉಭಯಕುಶಲೋಪರಿ ಸಾಂಪ್ರತ, ಇತ್ತಕಡೆ ಎಲ್ಲರೂ ಕ್ಷೇಮ’ ಎಂದೇ ಇತ್ತು. ಹಾಗೆ ಬರೆಯದಿದ್ದರೆ ಕಾರ್ಡು ಮುಂದಕ್ಕೆ ಹೋಗುವುದೇ ಇಲ್ಲವೇನೋ ಎಂಬಂತೆ.

ಆದರೂ ಆ ಫಾರಮ್ಮನ್ನು ನಾನು ಪೂರ್ತಿ ಹಳಿಯಲಾರೆ. ಕಳೆದ ಸಲದ್ದನ್ನು ನಾವಿಬ್ಬರೂ ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ತುಂಬಿದೆವು. ನಿದ್ರೆಯ ಚೌಕದಲ್ಲಿ ‘ಆರಾಮ’ ಎಂದು ಬರೆಯಹೊರಟವಳ ಕೈ ಹಿಡಿದು, ‘ಹುಡುಗನ ಜ್ವರದ ರಾತ್ರಿಯದು ಬರಿಯಮ್ಮ’ ಎಂದೆ. ಆ ರಾತ್ರಿ ಎರಡು ಗಂಟೆಯವರೆಗೆ ಹಣೆಗೆ ಒದ್ದೆಬಟ್ಟೆ ಹಾಕಿಕೊಂಡು ಕೂತವಳು, ಅಕ್ಕಾರಿಗೆ ತ್ರಾಸು ಕೊಡಬಾರದೆಂದು ಬಾಗಿಲು ತಟ್ಟಿರಲಿಲ್ಲ. ತಟ್ಟಿದ್ದು ಮಗಳು. ನಾವು ಆಟೋದಲ್ಲಿ ಹೋಗುತ್ತಿದ್ದಾಗ ಗಂಡ ಸಿಗ್ನಲ್ಲಿಗಾಗಿ ಕತ್ತಲಲ್ಲಿ ಗುಡ್ಡ ಹತ್ತುತ್ತಾ ಫೋನಿನಲ್ಲಿ ಏದುಸಿರು ಬಿಡುತ್ತಿದ್ದ. ಮಾತಿಲ್ಲ, ಬರೀ ಏದುಸಿರು. ಆಕೆ ಚೌಕ ಸಾಲದೆ ಅಂಚಿನಲ್ಲೂ ಬರೆದಳು. ಹದಿನೈದು ದಿನಕ್ಕೆ ಆಫೀಸಿನ ಹೆಂಗಸೊಬ್ಬರು ಬಂದರು. ಫೈಲು ತೆಗೆಯದೆ ಅಡುಗೆಮನೆಯಲ್ಲೇ ಕೂತು, ರೊಟ್ಟಿ ತಿಂದು, ಮೂರು ತಾಸು ಕೇಳಿಸಿಕೊಂಡು ಹೋದರು. ಗಂಡನಿಗೆ ಒಂದು ತಿಂಗಳ ರಜೆ ಮೇ ತಿಂಗಳಿಗೇ ಸಿಕ್ಕಿತು.

ಅಷ್ಟರಲ್ಲಿ ಹುಡುಗನ ಮುಂದಿನ ಹಲ್ಲು ಬಿದ್ದಿತ್ತು. ವಿಡಿಯೋ ಕಾಲಿನಲ್ಲಿ ತೋರಿಸಹೋದರೆ ಅಪ್ಪನ ಮುಖ ಅಲ್ಲಾಡದೆ ನಿಂತುಬಿಟ್ಟಿತು. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆದರೆ ಹೊಸದು ಬೇಗ ಬರುತ್ತದೆಂದು ನಾನು ಹೇಳಿದೆ. ಹುಡುಗ ಒಪ್ಪಲಿಲ್ಲ, ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು, ‘ಅಪ್ಪ ಬರ್ಲಿ ಅಜ್ಜಿ’ ಎಂದ. ಅವನ ಬೇಜಾರು ಕಳೆಯಲೆಂದು ಒಂದು ಭಾನುವಾರ ಅತ್ತಿಗುಪ್ಪೆಯಲ್ಲಿ ನೇರಳೆ ಮೆಟ್ರೋ ಹತ್ತಿಸಿ ಎಂ. ಜಿ. ರಸ್ತೆಯಲ್ಲಿ ಇಳಿಸಿ ಕಿಟ್ಟೆಲರ ಪ್ರತಿಮೆ ತೋರಿಸಿದೆ. ‘ಇವ್ರೂ ನಿಮ್ಮಪ್ಪನ ಹಾಗೇ ಮಿಷನರಿ’ ಎಂದೆ. ಅವನು ಮೇಲಿಂದ ಕೆಳಗೆ ನೋಡಿ, ‘ಇವರ ಮಕ್ಕಳು ಎಲ್ಲಿದ್ರು ಅಜ್ಜಿ?’ ಎಂದು ಕೇಳಿದ. ಐಸ್‌ಕ್ರೀಮ್ ಕೊಡಿಸಿದೆ.

ಅಪ್ಪ ಬಂದ ದಿನ ನಾನು ಡಬ್ಬಿಯಲ್ಲಿ ಒಬ್ಬಟ್ಟು ಹಾಕಿಕೊಂಡು ಮೇಲೆ ಹೋದರೆ ಮನೆಯಲ್ಲಿ ಯಾರೂ ಇಲ್ಲ, ಎಲ್ಲರೂ ತಾರಸಿಯಲ್ಲಿ. ಬಿಸಿಲಿಗೆ ಕಪ್ಪಾದ, ಸಣಕಲ ಮನುಷ್ಯ ಮಂಡಿಯೂರಿ ಕೂತು ಬೆಂಕಿಪೊಟ್ಟಣದ ಹಲ್ಲನ್ನು ಅಂಗೈಯಲ್ಲಿ ಹೊರಳಿಸಿ ಹೊರಳಿಸಿ ನೋಡುತ್ತಿದ್ದ. ಸಗಣಿ ಸಿಕ್ಕಿರಲಿಲ್ಲ. ಹೆಂಚಿನ ಮನೆಗಾಗಿ ನಾಲ್ಕೂ ಕಡೆ ಹುಡುಕಿದೆವು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚು ಸುಡಲು ಶುರುಮಾಡಿ ಇಡೀ ನಾಡಿಗೆ ಹೊದಿಸಿದರಂತೆ, ಅತ್ತಿಗುಪ್ಪೆಗೆ ಒಂದೂ ಉಳಿಸಿಲ್ಲ. ಕೊನೆಗೆ ಹಿಂದಿನ ಗ್ಯಾರೇಜಿನ ತಗಡಿನ ಶೀಟೇ ಗತಿಯಾಯಿತು. ಅಪ್ಪ ಮಗನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಹುಡುಗ ಕಣ್ಣು ಮುಚ್ಚಿ ಎಸೆದ. ಟಿಣ್ ಎಂದಿತು. ಕೆಳಗಿನಿಂದ ಮೆಕ್ಯಾನಿಕ್ ‘ಯಾರಪ್ಪಾ ಅದು ಕಲ್ಲು ಹೊಡಿಯೋದು!’ ಎಂದು ಕೂಗಿದ. ನಾವೈದೂ ಜನ ಒಟ್ಟಿಗೆ ಗೋಡೆಯ ಮರೆಗೆ ಕೂತೆವು.