ಬಿ. ಗುಡಿಯ ಹುಡುಗನ ಸಿ ಪಾಠ

ಶಹಾಪುರದಲ್ಲಿ ಬಸ್ ಹತ್ತಿ ‘ಭೀಮರಾಯನಗುಡಿ’ ಎಂದು ಪೂರ್ತಿ ಹೆಸರು ಹೇಳಿ ಟಿಕೆಟ್ ಕೇಳಿದರೆ, ಇವರು ಹೊಸಬರಿರಬೇಕು ಎಂದು ಕಂಡಕ್ಟರ್ ಅಂದುಕೊಳ್ಳುತ್ತಾನೆ. ಸುತ್ತಲಿನವರ ಬಾಯಲ್ಲಿ ಅದು ಬರೀ ‘ಬಿ. ಗುಡಿ’. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳು, ಸಾಲು ಕ್ವಾರ್ಟರ್ಸ್‌ಗಳು ಇರುವ ಕ್ಯಾಂಪು. ಈ ಸಾಲುಗಳನ್ನು ಬರೆಯುತ್ತಿರುವವನು ಆ ಕ್ಯಾಂಪಿನ ಹುಡುಗ. 2001ರಲ್ಲಿ ಅವನು ಶಹಾಪುರದ ಕಂಪ್ಯೂಟರ್ ಕ್ಲಾಸಿಗೆ ಸಿ ಎಂಬ ಪ್ರೋಗ್ರಾಂ ಭಾಷೆ ಕಲಿಯಲು ಹೊರಟಾಗ ಗೆಳೆಯನೊಬ್ಬ, “ಬಿ ಆದ ಮ್ಯಾಲೆ ಸೀನೇ ಅಲ್ಲೇನಲೇ?” ಎಂದು ನಕ್ಕಿದ್ದ. ಗೆಳೆಯ ತಮಾಷೆಗೆ ಅಂದದ್ದೇ ಇತಿಹಾಸವೂ ಹೌದು ಎಂದು ಹುಡುಗನಿಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ತಮ್ಮ ಕೆಲಸಕ್ಕೆಂದು ‘ಬಿ’ ಹೆಸರಿನ ಪುಟ್ಟ ಭಾಷೆಯೊಂದನ್ನು ಮಾಡಿಕೊಂಡಿದ್ದರು. ಮಾರ್ಟಿನ್ ರಿಚರ್ಡ್ಸ್ ಅವರ ಬಿಸಿಪಿಎಲ್ ಭಾಷೆಯನ್ನು ಹಿಂಡಿ ತೆಗೆದ ರಸ ಅದು. ಬಿ ಭಾಷೆಯಲ್ಲಿ ಎಲ್ಲಕ್ಕೂ ಒಂದೇ ಅಳತೆಯ ಪಾತ್ರೆ. ಒಂದಕ್ಷರ ಇಡಬೇಕಾದರೂ ಅದೇ, ದೊಡ್ಡ ಸಂಖ್ಯೆ ಇಡಬೇಕಾದರೂ ಅದೇ. ಆಮೇಲೆ ಪಿಡಿಪಿ-11 ಎಂಬ ಹೊಸ ಯಂತ್ರ ಬಂತು. ಅದರಲ್ಲಿದ್ದದ್ದು 24 ಕಿಲೋಬೈಟ್ ಸ್ಮೃತಿ; ಈಗ ನಾವು ಫೋನಿನಲ್ಲಿ ಕಳಿಸುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯದು. ಆದರೆ ಅದಕ್ಕೆ ಒಂದೊಂದೇ ಬೈಟನ್ನು ಬಿಡಿಯಾಗಿ ಎತ್ತಿಕೊಳ್ಳಲು ಬರುತ್ತಿತ್ತು. ಪಾವು ಇದ್ದಲ್ಲಿ ಎಲ್ಲವನ್ನೂ ಸೇರಿನಲ್ಲೇ ಅಳೆಯುವುದು ಯಾಕೆ? 1971ರಲ್ಲಿ ಥಾಂಪ್ಸನ್ ಅವರ ಸಹೋದ್ಯೋಗಿ ಡೆನಿಸ್ ರಿಚಿ ಬಿ ಭಾಷೆಗೆ ಎರಡು ಅಳತೆ ಸೇರಿಸಿದರು: ಅಕ್ಷರಕ್ಕೆ ಒಂದು ಬೈಟಿನ ‘ಕ್ಯಾರ್’, ಅಂಕಿಗೆ ‘ಇಂಟ್’. ಮೊದಲು ಅದನ್ನು ‘ನ್ಯೂ ಬಿ’ ಎಂದರು, ಆಮೇಲೆ ‘ಸಿ’. 1973ರಲ್ಲಿ ಅಲ್ಲಿನ ಆಪರೇಟಿಂಗ್ ಸಿಸ್ಟಮ್ ಯೂನಿಕ್ಸ್‌ನ ತಿರುಳನ್ನೇ ಸಿಯಲ್ಲಿ ತಿರುಗಿ ಬರೆದರು. 1978ರಲ್ಲಿ ಬ್ರಯಾನ್ ಕರ್ನಿಹಾನ್ ಮತ್ತು ರಿಚಿ ಸೇರಿ ಬರೆದ ಪುಸ್ತಕ ಬಂದ ಮೇಲೆ ‘ಹಲೋ ವರ್ಲ್ಡ್’ ಎನ್ನದೆ ಯಾರೂ ಪ್ರೋಗ್ರಾಂ ಕಲಿತದ್ದಿಲ್ಲ. ಮಕ್ಕಳಿಗೆ ಓಂ ತಿದ್ದಿಸಿದ ಹಾಗೆ.

ಶಹಾಪುರದ ಕ್ಲಾಸಿನಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರು. ಟರ್ಬೊ ಸಿಯ ನೀಲಿ ಪರದೆ, ಹಳದಿ ಅಕ್ಷರ. ಎಫ್2 ಒತ್ತಿ ಉಳಿಸಿಕೊಳ್ಳುವ ಮೊದಲೇ ಕರೆಂಟ್ ಹೋಗಿ, ಅರ್ಧ ಗಂಟೆಯ ದುಡಿಮೆ ಎಷ್ಟೋ ಸಲ ನೀರುಪಾಲಾಯಿತು. ಕೀಲಿಮಣೆಯಿಂದ ಅಂಕಿ ಓದಿಕೊಳ್ಳುವ ‘ಸ್ಕ್ಯಾನ್‌ಎಫ್’ನಲ್ಲಿ ಹೆಸರಿನ ಹಿಂದೆ ‘ಅಂಡ್’ ಚಿಹ್ನೆ ಹಾಕುವುದನ್ನು ಹುಡುಗ ತಿಂಗಳುಗಟ್ಟಲೆ ಮರೆಯುತ್ತಿದ್ದ. ಆ ಚಿಹ್ನೆಯೇ ವಿಳಾಸ. ಅದಿಲ್ಲದಿದ್ದರೆ, ಕ್ವಾರ್ಟರ್ಸ್ ನಂಬರ್ ಬರೆಯದೆ ಬಿ. ಗುಡಿಗೆ ಹಾಕಿದ ಪತ್ರದಂತೆ, ಓದಿಕೊಂಡ ಅಂಕಿ ಯಾರ ಮನೆಗೋ ಹೋಗುತ್ತದೆ.

‘ಇಫ್’, ‘ಎಲ್ಸ್’ ಮಾತ್ರ ಅವನಿಗೆ ಕಷ್ಟವಾಗಲಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ಸೀಮೆಯಲ್ಲಿ ಬೆಳೆದವರಿಗೆ ಅದನ್ನು ಬೇರೆ ಹೇಳಿಕೊಡಬೇಕೆ? ಇಷ್ಟು ದಿನ ನೀರು ಚಾಲು, ಇಷ್ಟು ದಿನ ಬಂದ್. ಹುಡುಗ 14 ದಿನ ಚಾಲು, 10 ದಿನ ಬಂದ್ ಎಂದು ಲೆಕ್ಕ ಹಿಡಿದ. ದಿನದ ಸಂಖ್ಯೆಯನ್ನು 24ರಿಂದ ಭಾಗಿಸು. ಶೇಷ 14ಕ್ಕಿಂತ ಕಡಿಮೆಯಿದ್ದರೆ ‘ಚಾಲು’ ಎಂದು ಬರಲಿ, ಇಲ್ಲದಿದ್ದರೆ ‘ಬಂದ್’. ಎಣಿಕೆ ಸೊನ್ನೆಯಿಂದ ಶುರುವಾಗಬೇಕು ಎಂಬುದೊಂದೇ ತೊಡಕು. ಅದು ಅವನು ಬರೆದ ಮೊದಲ ಸ್ವಂತ ಪ್ರೋಗ್ರಾಂ, ಮತ್ತು ಸರಿಯಾಗಿ ಓಡಿತು.

ಎರಡನೆಯದು ಓಡಿತು, ಸರಿಯಾಗಿ ಓಡಲಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೊದಲ ಎರಡು ಹಂತ ಸೇರಿ ನೀರಾವರಿಗೆ ಗುರುತಿಸಿದ್ದು 6.22 ಲಕ್ಷ ಹೆಕ್ಟೇರ್. ಹುಡುಗ ಅದನ್ನು ಒಂದು ಇಂಟ್‌ನಲ್ಲಿ ಇಟ್ಟು ಪರದೆಯ ಮೇಲೆ ಬರಿಸಿದ. ಬಂದದ್ದು 32176. ಕಾಗದಕ್ಕೆ ಇಳಿಸಿಕೊಂಡು ಮನೆಗೆ ತಂದು ತೋರಿಸಿದಾಗ, ಕಾಲುವೆ ಕೆಲಸದಲ್ಲಿದ್ದ ಅಪ್ಪ ಕನ್ನಡಕ ಏರಿಸಿ, “ಉಳಿದ ಹೊಲ ಎಲ್ಲಿ ಹೋದ್ವೋ ತಮ್ಮಾ?” ಎಂದರು.

ಟರ್ಬೊ ಸಿಯ ಇಂಟ್, ಆ ಹಳೆಯ ಪಿಡಿಪಿ-11ರ ಇಂಟ್‌ನಂತೆಯೇ, ಎರಡು ಬೈಟಿನದು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32767. ಅದಕ್ಕಿಂತ ಹೆಚ್ಚು ಸುರಿದರೆ 65536ರ ಕಂತಿನಲ್ಲಿ ಸೋರಿಹೋಗುತ್ತದೆ. ಆರು ಲಕ್ಷ ಇಪ್ಪತ್ತೆರಡು ಸಾವಿರದಲ್ಲಿ ಒಂಬತ್ತು ಕಂತು ಸೋರಿ ಉಳಿದದ್ದು 32176. ಇದನ್ನೆಲ್ಲ ಕೇಳಿಸಿಕೊಂಡ ಅಪ್ಪ, “ಸಣ್ಣ ಕಾಲುವಿಗಿ ಹೆಚ್ಚಿಗಿ ನೀರು ಬಿಟ್ರ ಒಡೀತದ. ಇದು ಒಡೀಲಿಲ್ಲಲ್ಲ?” ಎಂದು ಕೇಳಿದರು. ಸಿ ಭಾಷೆಯ ಬಗ್ಗೆ ಇದಕ್ಕಿಂತ ಖಡಕ್ಕಾದ ಟೀಕೆಯನ್ನು ಹುಡುಗ ಆಮೇಲೆ ಯಾವ ಪುಸ್ತಕದಲ್ಲೂ ಓದಲಿಲ್ಲ. ಕಾಲುವೆ ಒಡೆದರೆ ಊರಿಗೆಲ್ಲ ಗೊತ್ತಾಗುತ್ತದೆ. ಸಿ ತುಟಿ ಬಿಚ್ಚುವುದಿಲ್ಲ. ಪಾತ್ರೆ ಆರಿಸಿಕೊಟ್ಟವನು ನೀನು, ಅನುಭವಿಸು ಎನ್ನುತ್ತದೆ. ಅಳತೆಯನ್ನು ದೊಡ್ಡದಾದ ‘ಲಾಂಗ್’ಗೆ ಬದಲಿಸಿ, ಪರದೆಗೆ ಬರಿಸುವ ಸಾಲಿನಲ್ಲೂ ಅದನ್ನೇ ಹೇಳಿದ್ದಕ್ಕೆ ಹೊಲಗಳೆಲ್ಲ ವಾಪಸ್ ಬಂದವು.

ಆ ನೀಲಿ ಪರದೆಯಲ್ಲಿ ಕನ್ನಡ ಮೂಡಿಸುವ ದಾರಿ ಮಾತ್ರ ಹುಡುಗನಿಗೆ ಸಿಗಲಿಲ್ಲ. ‘ಚಾಲು’, ‘ಬಂದ್’ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದ. ಕನ್ನಡದಲ್ಲಿ ಬರೆಯುವ ಆಸೆ ತೀರಿದ್ದು ಎಷ್ಟೋ ವರ್ಷದ ಮೇಲೆ, ಒಂದು ದಸರೆ ರಜೆಯಲ್ಲಿ. ಲ್ಯಾಪ್‌ಟಾಪ್ ಹಿಡಿದು ಅಪ್ಪನ ಮಗ್ಗುಲಲ್ಲಿ ಕೂತು, ಪದದ ಉದ್ದ ಎಣಿಸುವ ‘ಸ್ಟ್ರ್‌ಲೆನ್’ಗೆ ಭೀಮರಾಯನಗುಡಿ ಎಂದು ಅಚ್ಚಗನ್ನಡದಲ್ಲಿ ಕೊಟ್ಟ. ಉತ್ತರ 33. ಅಪ್ಪ ಬೆರಳು ಮಡಚಿ ಎಣಿಸಿದರು: ಭೀ, ಮ, ರಾ, ಯ, ನ, ಗು, ಡಿ. “ಏಳಾತು. ಆವಾಗ ಕಡಿಮಿ ಬಂದಿತ್ತು, ಈಗ ಹೆಚ್ಚಿಗಿ ಬಂತು!”

ಕೈಗೆ ‘ಭೀ’ ಒಂದು ಅಕ್ಷರ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ಗೆ ‘ಭ’ ಒಂದು, ದೀರ್ಘದ ಚಿಹ್ನೆ ಇನ್ನೊಂದು. ಹಾಗೆ ಬಿಡಿಸಿದರೆ ಊರಿನ ಹೆಸರಿನಲ್ಲಿ 11 ಸಂಕೇತ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಹನ್ನೊಂದು ಮೂರ್ಲೆ ಮೂವತ್ತಮೂರು. ಈ ಪದ್ಧತಿ ಹುಟ್ಟಿದ್ದು 1992ರ ಸೆಪ್ಟೆಂಬರಿನಲ್ಲಿ, ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ. ಎದುರಿಗೆ ಸಹೋದ್ಯೋಗಿ ರಾಬ್ ಪೈಕ್ ಕೂತಿದ್ದರು. ಗೀಚಿದವರು ಕೆನ್ ಥಾಂಪ್ಸನ್, ಬಿ ಭಾಷೆಯ ಅದೇ ಥಾಂಪ್ಸನ್. ಸಿಯಲ್ಲಿ ಪದ ಮುಗಿಯುವುದು ಸೊನ್ನೆ ಬೈಟ್ ಸಿಕ್ಕಾಗ. ಕನ್ನಡದ ಮೂರು ಬೈಟಿನೊಳಗೆ ಎಲ್ಲೂ ಸೊನ್ನೆ ಬಾರದಂತೆ ಅವರು ನೋಡಿಕೊಂಡದ್ದರಿಂದಲೇ, ಇಂಗ್ಲಿಷಿಗೆಂದು ಹೊಲಿದ 1972ರ ಭಾಷೆ ಭೀಮರಾಯನಗುಡಿಯನ್ನು ನಡುವೆ ಕತ್ತರಿಸದೆ ಕೊನೆಯ ತನಕ ಎಣಿಸಿತು.

ಆ ರಾತ್ರಿ ಅಪ್ಪ ಊಟಕ್ಕೆ ಏಳದೆ ಒಂದೊಂದೇ ಊರು ಹೇಳಿ ಹಾಕಿಸಿದರು. ಶಹಾಪುರಕ್ಕೆ 18 ಬಂತು. ಸುರಪುರಕ್ಕೂ 18. ಯಾದಗಿರಿಗೆ 21.