ರೀಲಿಲ್ಲದ ಕ್ಯಾಮೆರಾ

ಗುಂಡ್ಲುಪೇಟೆ
ಆಷಾಢ, ರಾತ್ರಿ ಹನ್ನೊಂದು ದಾಟಿದೆ

ಪ್ರೀತಿಯ ತಮ್ಮನಿಗೆ,

ನಾನು ಕ್ಷೇಮ. ಕಾಡಂಚಿನ ಊರು ಅಂತ ಅಮ್ಮ ಗಾಬರಿಯಾಗುವುದು ಬೇಡ. ಬಂಡೀಪುರದ ರಸ್ತೆಯನ್ನು ರಾತ್ರಿ 9ಕ್ಕೆ ಮುಚ್ಚಿದರೆ ತೆಗೆಯುವುದು ಬೆಳಿಗ್ಗೆ 6ಕ್ಕೇ, 2009ರಿಂದ ಹಾಗೇ ನಡೆದಿದೆ; ಹೋಗುತ್ತೇನೆಂದರೂ ಬಿಡುವವರಿಲ್ಲ. ಚಾಮರಾಜನಗರದಲ್ಲಿ ಚಾಮರಾಜೇಶ್ವರನ ದರ್ಶನವಾಯಿತು, ಹಿಮವದ್ ಗೋಪಾಲಸ್ವಾಮಿ ಬೆಟ್ಟ ನಾಳೆಗೆ. ದೇವಸ್ಥಾನಗಳ ಚರಿತ್ರೆ ನಿನಗೆ ಮೊಬೈಲಿನಲ್ಲೇ ಸಿಗುತ್ತದೆ. ನೀನು ಕೇಳಿದ್ದಕ್ಕಷ್ಟೇ ಉತ್ತರ ಬರೆಯುತ್ತೇನೆ. ಕಣ್ಣು ಎಳೆಯುತ್ತಿದೆ, ಅಕ್ಷರ ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೋ.

ಆ ಕಡೆ ಮುಚ್ಚಿಹೋದ ಸ್ಟುಡಿಯೋಗಳಲ್ಲಿ ಹಳೇ ಯಾಷಿಕಾ ಕ್ಯಾಮೆರಾ ಸಿಕ್ಕರೆ ಬಿಡಬೇಡ ಎಂದಿದ್ದೀಯ. ಹುಡುಕುವುದಿಲ್ಲ, ಸಿಕ್ಕರೂ ತರುವುದಿಲ್ಲ. ದುಡ್ಡಿನ ಪ್ರಶ್ನೆಯಲ್ಲ, ನಿನ್ನ ಲೆಕ್ಕವೇ ತಲೆಕೆಳಗಾಗಿದೆ. ಫಿಲ್ಮ್ ಫೋಟೋಗ್ರಫಿ ಉಳಿಯಬೇಕು ಎನ್ನುವವರೆಲ್ಲ ಕ್ಯಾಮೆರಾದ ಬೆನ್ನು ಹತ್ತಿದ್ದೀರಿ. ಸಾಯುತ್ತಿರುವುದು ಕ್ಯಾಮೆರಾ ಅಲ್ಲ ಕಣೋ, ರೀಲು. ಯಾಷಿಕಾ ಮ್ಯಾಟ್ 124ಜಿಯನ್ನೇ ತೆಗೆದುಕೋ, 1970ರಿಂದ 1986ರವರೆಗೆ ತಯಾರಾದದ್ದು. ಅದರ ಮೀಟರಿಗೆ ಬೇಕಾದ ಪಾದರಸದ ಸೆಲ್ ಈಗ ಬರುವುದಿಲ್ಲ. ಬದಲಿ ಸೆಲ್ ಹಾಕಿದರೆ ವೋಲ್ಟೇಜ್ ಹೆಚ್ಚಾಗಿ ಮುಳ್ಳು ಸುಳ್ಳು ಹೇಳುತ್ತದೆ. ಹೇಳಲಿ ಬಿಡು, ಷಟರಿಗೆ ಸೆಲ್ಲೇ ಬೇಡ, ಅದು ಪೂರ್ತಿ ಸ್ಪ್ರಿಂಗು ಮತ್ತು ಹಲ್ಲುಚಕ್ರ. ಒಳ್ಳೇ ಬಿಸಿಲಿದ್ದರೆ ಅಪರ್ಚರ್ 16, ರೀಲು ಐಎಸ್‌ಒ 100ರದ್ದಾದರೆ ಷಟರ್ 1/125 ಎಂದು ಹಿಂದಿನವರು ಬಾಯಿಲೆಕ್ಕದಲ್ಲೇ ತೆಗೆಯುತ್ತಿದ್ದರು. ಲೆನ್ಸಿಗೆ ಬೂಷ್ಟು ಹಿಡಿಯದಂತೆ ನೋಡಿಕೊಂಡು, ಗ್ರೀಸ್ ಗಟ್ಟಿಯಾದಾಗ ಬಿಚ್ಚಿಸಿ ಒರೆಸಿಸಿದರೆ ಅದು ನಿನ್ನ ಮಕ್ಕಳ ಕಾಲಕ್ಕೂ ನಡೆಯುತ್ತದೆ. ಅದಕ್ಕೆ ಹಾಕುವ 120 ರೀಲಿನ ಕಥೆ ಬೇರೆ. ಆ ಅಳತೆಯನ್ನು ಕೊಡಕ್ 1901ರಲ್ಲಿ ತಂದದ್ದು, ಇವತ್ತಿಗೂ ಬರುತ್ತಿರುವುದು ಯಾರೋ ಎಲ್ಲೋ ಕಾರ್ಖಾನೆ ನಡೆಸುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ. ಬಳಸದೆ ಇಟ್ಟ ರೀಲು ತಾನಾಗಿ ಮಬ್ಬಾಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಕ್ಯಾಮೆರಾ ಕೂಡಿಡಬಹುದು, ರೀಲನ್ನು ಕೂಡಿಡುವುದು ಆಗದ ಮಾತು.

ಕಾರ್ಖಾನೆ ಅಂದೆನಲ್ಲ, ನಮ್ಮದೂ ಒಂದಿತ್ತು, ಅದೂ ಇದೇ ರಸ್ತೆಯಲ್ಲಿ. ಈ ಊರಿನಿಂದ ಬಂಡೀಪುರ, ಗೂಡಲೂರು ಹಾಯ್ದು ಹತ್ತಿದರೆ, ಊಟಿ ಇನ್ನೇನು ಬಂತು ಎನ್ನುವಾಗ ಇಂದು ನಗರ ಸಿಗುತ್ತದೆ. ಅಲ್ಲಿದ್ದದ್ದು ಹಿಂದೂಸ್ತಾನ್ ಫೋಟೋ ಫಿಲ್ಮ್ಸ್, ಕೇಂದ್ರ ಸರ್ಕಾರದ ಕಂಪನಿ. 1960ರಲ್ಲಿ ಹುಟ್ಟಿ 1967ರಲ್ಲಿ ಮಾಲು ಹೊರಡಿಸತೊಡಗಿತು. ಫಿಲ್ಮ್ ಮಾಡುವುದೆಂದರೆ ಜೆಲಟಿನ್ನಿನಲ್ಲಿ ಬೆಳ್ಳಿಯ ಲವಣ ಕಲಸಿ, ಕತ್ತಲೆಯಲ್ಲಿ, ತೆಳುವಾಗಿ, ಎಲ್ಲೂ ಹೆಚ್ಚುಕಡಿಮೆಯಾಗದಂತೆ ಬಳಿಯಬೇಕು. ಧೂಳಿನ ಒಂದು ಕಣ ಬಿದ್ದರೂ ಫೋಟೋದಲ್ಲಿ ಚುಕ್ಕೆ. ಊಟಿಯ ತಣ್ಣನೆಯ, ಧೂಳು ಕಡಿಮೆಯಿರುವ ಹವೆಗೆ ಆ ಕೆಲಸ ಒಗ್ಗಿತು. ‘ಇಂದು’ ಹೆಸರಿನ ಕಪ್ಪು-ಬಿಳುಪು ರೀಲು, ಪ್ರಿಂಟ್ ಹಾಕುವ ಪೇಪರು, ಆಸ್ಪತ್ರೆಗಳ ಎಕ್ಸ್‌ರೇ ಫಿಲ್ಮ್ ಎಲ್ಲ ಅಲ್ಲಿಂದ ಬರುತ್ತಿತ್ತು. ಮೊಬೈಲು ಬಂದು ಅದನ್ನು ಮುಚ್ಚಿಸಿತು ಎಂದು ನೀನು ಹೇಳಬಹುದು. ಅದು ನಷ್ಟಕ್ಕೆ ಬಿದ್ದದ್ದು 1990ರ ದಶಕದಲ್ಲಿ, ಆಗ ಯಾರ ಜೇಬಿನಲ್ಲೂ ಕ್ಯಾಮೆರಾ ಇರುವ ಫೋನಿರಲಿಲ್ಲ. ಜನ ಕಲರಿಗೆ ಹೊರಳಿದರು, ಹೊರಗಿನ ಮಾಲು ಸಲೀಸಾಗಿ ಬರತೊಡಗಿತು. ಭಾರತದಲ್ಲೇ ತಯಾರಾದ ಆಗ್ಫಾ ಕ್ಲಿಕ್ ಆಗ ಎಷ್ಟೋ ಮನೆಗಳ ಬೀರುವಿನಲ್ಲಿತ್ತು. ಬೀರುವಿನಲ್ಲಿದ್ದ ಕ್ಯಾಮೆರಾಗಳಿಂದ ಕಾರ್ಖಾನೆಗೆ ಬಂದ ಭಾಗ್ಯವೇನು?

ಮರೆಯುವ ಮೊದಲು ಬರೆದುಬಿಡುತ್ತೇನೆ. ಅಮ್ಮನ ಬಿಪಿ ಮಾತ್ರೆ ಶನಿವಾರಕ್ಕೆ ಮುಗಿಯುತ್ತದೆ, ಹಳೇ ಚೀಟಿ ಫ್ರಿಜ್ಜಿನ ಮೇಲಿದೆ. ಕರೆಂಟ್ ಬಿಲ್ ನಿನ್ನ ಭಾವ ಕಟ್ಟುತ್ತಾರೆ ಅಂತ ನಂಬಿ ಕೂರಬೇಡ.

ಇಲ್ಲಿ ಈಗ ಹೆದ್ದಾರಿಯ ಎರಡೂ ಬದಿ ಸೂರ್ಯಕಾಂತಿ, ಚೆಂಡುಹೂವು. ನನಗೆ ಮೈಯುರಿಯುವುದು ಈ ಹೊಲಗಳ ಪ್ರೀ-ವೆಡ್ಡಿಂಗ್ ಶೂಟ್ ನೋಡಿದರೆ. ಆಷಾಢದಲ್ಲಿ ಮದುವೆಯಿಲ್ಲ, ಹಾಗಾಗಿ ಮುಂದಿನ ಮದುವೆಗಳ ಫೋಟೋಕ್ಕೆ ಪುರಸೊತ್ತು. ಹುಡುಗನ ಕೊರಳಿಗೆ ಒಂದು ಹಳೇ ಕ್ಯಾಮೆರಾ, ಒಳಗೆ ರೀಲಿಲ್ಲ. ಅವನು ಹುಡುಗಿಯ ಕಡೆ ಗುರಿಯಿಟ್ಟಂತೆ ನಟಿಸುವುದನ್ನು ಡಿಜಿಟಲ್ ಕ್ಯಾಮೆರಾದವರು ತೆಗೆಯುತ್ತಾರೆ. ಹಳೇ ಕ್ಯಾಮೆರಾದ ಬೆಲೆ ಏರಿರುವುದಕ್ಕೆ ಈ ಶೋಕಿಯ ಪಾಲೂ ಇದೆ. ಹೊಲಕ್ಕಿಳಿಯಲು ರೈತರು ದುಡ್ಡು ಕೇಳುತ್ತಾರೆಂದು ದೂರುವವರೂ ಇವರೇ. ಗಿಡ ತುಳಿಸಿಕೊಂಡು ಸುಮ್ಮನಿರಲು ಅದೇನು ಪಾರ್ಕೇ? ಇದೇ ಹೊಲವನ್ನು ನಿಜವಾಗಿ ಕಪ್ಪು-ಬಿಳುಪು ರೀಲಿನಲ್ಲಿ ತೆಗೆಯಹೋದರೆ ಮೊದಲ ಪಾಠ ಅಲ್ಲೇ ಆಗುತ್ತದೆ. ಕಣ್ಣಿಗೆ ಹೊಡೆದು ಕಾಣುವ ಕಿತ್ತಳೆ ಹೂವು, ಹಸಿರು ಎಲೆ ಎರಡೂ ರೀಲಿನ ಮೇಲೆ ಹೆಚ್ಚುಕಡಿಮೆ ಒಂದೇ ಬೂದುಬಣ್ಣವಾಗಿ ಕಲಸಿಹೋಗಬಹುದು. ಲೆನ್ಸಿನ ಮುಂದೆ ಕಿತ್ತಳೆ ಗಾಜು ಹಾಕಿದರೆ ಹೂವು ಬೆಳ್ಳಗೆ ಅರಳುತ್ತದೆ, ಎಲೆ ಕಪ್ಪಾಗಿ ಹಿಂದೆ ಸರಿಯುತ್ತದೆ, ನೀಲಿ ಆಕಾಶ ಗಾಢವಾಗುತ್ತದೆ. ಗಾಜು ನುಂಗುವ ಬೆಳಕಿಗೆ ಸರಿಯಾಗಿ ಷಟರನ್ನೂ ನಿಧಾನ ಮಾಡಬೇಕು. ನಾಳೆ ಬೆಟ್ಟದ ಮೇಲೆ ಮಂಜಿದ್ದರೆ ಲೆಕ್ಕವೇ ಬೇರೆ: ಮೀಟರು ಬಿಳಿ ಮಂಜನ್ನು ಬೂದು ಎಂದು ತಿಳಿದು ಕಡಿಮೆ ಬೆಳಕು ಸಾಕು ಎನ್ನುತ್ತದೆ, ಒಂದು ಸ್ಟಾಪ್ ಹೆಚ್ಚು ಕೊಡಬೇಕು. ಇದನ್ನೆಲ್ಲ ಕಲಿಸುವುದು ಬಳಸಿದ ರೀಲು. ಕಪಾಟಿನಲ್ಲಿ ಇನ್ನೂ ಹತ್ತು ಕ್ಯಾಮೆರಾ ಬಂದು ಕೂತರೂ ಇದು ಗೊತ್ತಾಗುವುದಿಲ್ಲ.

ಅದೇ ಕೆಲಸ ಫೋನಿನಲ್ಲಿ ಬೆರಳಾಡಿಸಿದರೆ ಆಗುತ್ತದಲ್ಲ ಅನ್ನುತ್ತೀಯ. ಆಗುತ್ತದೆ. ಫಿಲ್ಮೇ ಮೇಲು ಎಂದು ನಾನೆಲ್ಲೂ ಹೇಳಿಲ್ಲ. ಅವಸರಕ್ಕೆ, ಕತ್ತಲಿಗೆ, ಪ್ರಾಣಿಗಳ ಫೋಟೋಕ್ಕೆ ಡಿಜಿಟಲ್ಲೇ ಸರಿ. ಎಂ.ವೈ. ಘೋರ್ಪಡೆಯವರು ಕಾಡನ್ನು ಕಪ್ಪು-ಬಿಳುಪು ಫಿಲ್ಮಿನಲ್ಲೇ ತೆಗೆದು ಹೆಸರಾದರು ಎಂದರೆ ಅದರ ಹಿಂದಿದ್ದ ತಾಳ್ಮೆ ಸಫಾರಿ ಬಸ್ಸಿನ ಟಿಕೆಟ್ಟಿನ ಜೊತೆ ಬರುವುದಿಲ್ಲ. ನಾನು ಹೇಳುವುದು, ಫಿಲ್ಮ್ ಬೇಕು ಎನ್ನುವವನು ಎಲ್ಲಿ ದುಡ್ಡು ಸುರಿಯಬೇಕು ಎಂದು. ಒಂದು ಕಲರ್ ರೀಲು ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಸಾವಿರ ದಾಟುತ್ತದೆ, ನಿಜ. ಆ ಸಾವಿರ ರೀಲು ಮಾಡುವವರಿಗೆ, ತೊಳೆಯುವವರಿಗೆ ಸೇರುತ್ತದೆ. ಕೈಯಿಂದ ಕೈಗೆ ಮಾರಾಟವಾಗುವ ಹಳೇ ಕ್ಯಾಮೆರಾದ ದುಡ್ಡಿನಲ್ಲಿ ಅವರಿಗೆ ಚಿಕ್ಕಾಸೂ ಇಲ್ಲ. ಬೇಡಿಕೆ ಇದ್ದರೆ ರಿಪೇರಿಯವರಾದರೂ ಬದುಕುತ್ತಾರಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಬಳಸಿದ ಕ್ಯಾಮೆರಾ ಕೆಡುತ್ತದೆ, ರಿಪೇರಿಗೆ ಹೋಗುತ್ತದೆ. ಶೋಕೇಸಿನದು ಯಾಕೆ ಹೋಗುತ್ತದೆ?

ಇನ್ನು ಮುಚ್ಚಿಹೋದ ಸ್ಟುಡಿಯೋ ವಿಚಾರ. ಅಲ್ಲಿ ಹುಡುಕುವಂಥದ್ದು ಇದೆ, ನೀನು ಹೇಳಿದ್ದಲ್ಲ ಅಷ್ಟೇ. ನಿನ್ನ ಯಾಷಿಕಾದಂಥವು ಸಾವಿರಾರು ಇವೆ, ನೆಗೆಟಿವ್ ಮಾತ್ರ ಒಂದೊಂದೇ. ಚಾಮರಾಜನಗರದಲ್ಲಿ ಆಷಾಢದ ತೇರಿಗೆ ಹೊಸದಾಗಿ ಮದುವೆಯಾದ ಜೋಡಿಗಳು ಬಂದು ಹಣ್ಣು-ಜವನ ಎಸೆಯುತ್ತಾರಲ್ಲ, ಆ ಹಳೇ ತೇರು 2017ರಲ್ಲಿ ಬೆಂಕಿಗೆ ಸಿಕ್ಕಿತು. ಕೆಲವು ವರ್ಷ ರಥೋತ್ಸವವೇ ನಿಂತಿದ್ದು 2022ರಲ್ಲಿ ಹೊಸ ತೇರು ಎಳೆದರು. ಹಳೇದರ ಕೆತ್ತನೆಯನ್ನು ಈಗ ಯಾವ ದುಬಾರಿ ಕ್ಯಾಮೆರಾದಲ್ಲೂ ತೆಗೆಯಲಾಗುವುದಿಲ್ಲ. ಅದು ಇರುವುದು ಯಾರಾದರೂ ಹಿಂದೆ ತೆಗೆದ ರೀಲುಗಳಲ್ಲಿ. ಸ್ಟುಡಿಯೋ ಖಾಲಿ ಮಾಡುವಾಗ ಕ್ಯಾಮೆರಾಕ್ಕೆ ಚೌಕಾಸಿ ನಡೆಯುತ್ತದೆ, ನೆಗೆಟಿವ್ ಪೆಟ್ಟಿಗೆಯನ್ನು ಕೇಳುವವರಿಲ್ಲದೆ ಗುಜರಿಗೆ ಹಾಕುತ್ತಾರೆ. ನೀನು ಕೇಳುವುದಾದರೆ ಅದನ್ನು ಕೇಳು, ಕೂತು ಸ್ಕ್ಯಾನ್ ಮಾಡು.

ಅದಕ್ಕೂ ಮೊದಲು ಅಟ್ಟದ ಮೇಲಿನ ಅಪ್ಪನ ಟ್ರಂಕು ಇಳಿಸು. ನೆಗೆಟಿವ್‌ಗಳು ಪ್ಲಾಸ್ಟಿಕ್ ಚೀಲದಲ್ಲಿವೆ, ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿಕೊಂಡಿರಬಹುದು. ಅಂಟಿದ್ದರೆ ಎಳೆಯಬೇಡ, ನಾನು ಬಂದ ಮೇಲೆ ನೋಡೋಣ. ಬಿಡಿಯಾಗಿರುವುದನ್ನು ಅಂಚಿನಲ್ಲಿ ಹಿಡಿದು ಕಾಗದದ ಲಕೋಟೆಗೆ ಹಾಕು, ವರ್ಷ ಗೊತ್ತಿದ್ದರೆ ಮೇಲೆ ಬರೆ, ಗೊತ್ತಿಲ್ಲದಿದ್ದರೆ ಅಮ್ಮನನ್ನು ಕೇಳು, ಅವಳು ಸೀರೆ ನೋಡಿಯೇ ಯಾರ ಮದುವೆ ಅಂತ ಹೇಳುತ್ತಾಳೆ, ಆದರೆ ನೆಗೆಟಿವ್‌ನಲ್ಲಿ ಸೀರೆ ಹೇಗೆ ಗುರುತು ಹಿಡಿಯುತ್ತಾಳೆ, ಮೊದಲು ಅದನ್ನು ಫೋನಿನಲ್ಲಿ ತೆಗೆದು ತಿರುಗಿಸಿ ತೋರಿಸಬೇಕಾಗುತ್ತೆ, ಅಂದಹಾಗೆ ಆ ಫೋನಿನ ಚಾರ್ಜರು ನಾನು